ಮೊಳಕೆಯಲ್ಲಿ ಕಾಣದ ಸಿರಿ

'ಬೆಳೆಯುವ ಸಿರಿ ಮೊಳಕೆಯಲ್ಲಿ' ಎಂಬ ಗಾದೆಯನ್ನು ಕೇಳದ ಮನೆ ನಮ್ಮ ನಾಡಿನಲ್ಲಿ ಇರಲಾರದು. ಮಗುವು ನಾಲ್ಕು ಪದ್ಯಗಳನ್ನು ತಪ್ಪಿಲ್ಲದೆ ಒಪ್ಪಿಸಿದರೆ ಅಜ್ಜಿಯು ಈ ಗಾದೆಯನ್ನು ಹೇಳಿ ದೃಷ್ಟಿ ತೆಗೆಯುವಳು. ಅದೇ ಮಗುವು ಲೆಕ್ಕದಲ್ಲಿ ತಪ್ಪಿದರೆ ತಂದೆಯು ಅದೇ ಗಾದೆಯನ್ನು ನಿಟ್ಟುಸಿರಿನೊಡನೆ ಹೇಳುವನು. ಒಂದೇ ಮಾತು ಒಬ್ಬನಿಗೆ ಹರಕೆಯಾಗಿಯೂ ಮತ್ತೊಬ್ಬನಿಗೆ ತೀರ್ಪಾಗಿಯೂ ಪರಿಣಮಿಸುವುದು. ಹಾಗಾದರೆ ಈ ಗಾದೆಯು ಎಷ್ಟರಮಟ್ಟಿಗೆ ನಿಜ? ಇದನ್ನು ಅಳೆದು ನೋಡುವುದಕ್ಕೆ ಯಾರಾದರೂ ಎಳೆಯರನ್ನೆಲ್ಲ ಸಾಲಾಗಿ ನಿಲ್ಲಿಸಿ, 'ಇವನು ಮೊದಲನೆಯವನು, ಇವನು ಐವತ್ತನೆಯವನು' ಎಂದು ಅಂಕೆ ಹಾಕಿ, ಇಪ್ಪತ್ತು ವರ್ಷಗಳ ತರುವಾಯ ಯಾರು ಏನಾದರೆಂದು ಬರೆದಿಟ್ಟಿರಬೇಕು. ಆಶ್ಚರ್ಯವೆಂದರೆ, ಇಂತಹ ಖಾತೆಯೊಂದು ನಿಜವಾಗಿಯೂ ಇರುವುದು. ಅದನ್ನು ಇಟ್ಟವರು ಪಂಡಿತರಲ್ಲ, ಉಪಾಧ್ಯಾಯರಲ್ಲ. ಉತ್ತರ ಅಮೇರಿಕದಲ್ಲಿ ಹಿಮಗಡ್ಡೆಯ ಮೇಲೆ ಹಾಕಿಯಾಡಿಸುವ ವ್ಯಾಪಾರಸ್ಥರು.

ಕೊಡಗಿನ ಬಯಲುಗಳಲ್ಲಿ ನಮ್ಮವರು ಆಡುವ ಹಾಕಿಯನ್ನು ವಾಚಕರು ಬಲ್ಲರು. ಕೆನಡಾದವರ ಹಾಕಿಯು ಬೇರೆಯದು. ಅಲ್ಲಿ ನೆಲದ ಬದಲು ಹಿಮ, ಚೆಂಡಿನ ಬದಲು 'ಪಕ್' ಎಂಬ ಗಟ್ಟಿ ರಬ್ಬರಿನ ಬಿಲ್ಲೆ, ಪಾದರಕ್ಷೆಯ ಅಡಿಯಲ್ಲಿ ಉಕ್ಕಿನ ಅಲಗು. ಪಕ್ಷಕ್ಕೆ ಆರು ಜನ. ಈ ಆಟದ ಅತ್ಯುನ್ನತ ಸಂಸ್ಥೆಯಾದ ನ್ಯಾಷನಲ್ ಹಾಕಿ ಲೀಗ್ ೧೯೧೭ರಲ್ಲಿ ಮಾಂಟ್ರಿಯಲ್ ನಗರದಲ್ಲಿ ಹುಟ್ಟಿತು. ಈ ಲೀಗಿನ ತಂಡಗಳು ಪ್ರತಿವರ್ಷವೂ ಹೊಸದಾಗಿ ಪ್ರಾಯಕ್ಕೆ ಬಂದ ಹುಡುಗರನ್ನು ಸರದಿಯ ಪ್ರಕಾರ ಒಬ್ಬೊಬ್ಬರನ್ನಾಗಿ ಆರಿಸಿಕೊಳ್ಳುವವು. ಈ ಪದ್ಧತಿಗೆ 'ಡ್ರಾಫ್ಟ್' ಎಂದು ಹೆಸರು. ನಮ್ಮ ಕ್ರಿಕೆಟ್ಟಿನ ಹರಾಜಿನಲ್ಲಿ ಹಣವುಳ್ಳವನು ಕೂಗುವನು, ಡ್ರಾಫ್ಟಿನಲ್ಲಿ ಹಾಗಲ್ಲ. ಹಿಂದಿನ ವರ್ಷ ಸೋತು ಕೆಳಗಿಳಿದ ತಂಡಕ್ಕೆ ಮೊದಲ ಸರದಿ, ಗೆದ್ದು ಬೀಗಿದ ತಂಡಕ್ಕೆ ಕಡೆಯ ಸರದಿ. ಬಡವನಿಗೆ ಮೊದಲ ಬಡಿಸಾಣಿಕೆ ಎಂಬ ಧರ್ಮವು ಇದರ ತಿರುಳು.

ಇದು ಒಂದು ಖಾತೆ. ಇನ್ನೊಂದು ಖಾತೆಯು ಟೊರಾಂಟೊ ನಗರದಲ್ಲಿರುವ 'ಹಾಲ್ ಆಫ್ ಫೇಮ್', ಎಂದರೆ ಹಾಕಿಯ ಕೀರ್ತಿಮಂದಿರ. ೧೯೪೩ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯು ೧೯೪೫ರಲ್ಲಿ ತನ್ನ ಮೊದಲ ಗೌರವಾನ್ವಿತರ ಹೆಸರುಗಳನ್ನು ಸಾರಿತು. ೧೯೬೧ರಲ್ಲಿ ಸ್ವಂತ ಮನೆಯನ್ನು ಕಟ್ಟಿಕೊಂಡಿತು. ೧೯೯೩ರಲ್ಲಿ ಹಳೆಯ ಬ್ಯಾಂಕೊಂದರ ಭವ್ಯವಾದ ಕಟ್ಟಡಕ್ಕೆ ಬಿಡಾರವನ್ನು ಬದಲಾಯಿಸಿತು. ಡ್ರಾಫ್ಟಿನ ಖಾತೆಯು ಮೊಳಕೆಯನ್ನು ನೋಡಿ ಬರೆದುದು. ಕೀರ್ತಿಮಂದಿರದ ಖಾತೆಯು ಸುಗ್ಗಿಯನ್ನು ನೋಡಿ ಬರೆದುದು. ಎರಡನ್ನೂ ಮಗ್ಗುಲಲ್ಲಿಟ್ಟು ಓದುವುದೇ ಈ ಲೇಖನದ ಉದ್ದೇಶ.

ಹೀಗೆ ಓದುವ ಹವ್ಯಾಸವು ಈಗ ಒಂದು ವಿನೋದವಾಗಿಯೂ ಬೆಳೆದಿರುವುದು. ಗಣಕಯಂತ್ರದಲ್ಲಿ ನಡೆಯುವ ಕಾಲ್ಪನಿಕ ಹಾಕಿ ಲೀಗುಗಳುಂಟು. ಒಬ್ಬೊಬ್ಬನು ಒಂದೊಂದು ತಂಡದ ಯಜಮಾನನಾಗುವನು; ಯಂತ್ರವು ಹುಡುಗರನ್ನು ಹುಟ್ಟಿಸುವುದು, ಪಂದ್ಯಗಳನ್ನು ನಡೆಸುವುದು, ಗೆಲವು ಸೋಲುಗಳನ್ನು ಲೆಕ್ಕ ಹಾಕುವುದು. ಅಲ್ಲಿಯೂ ಡ್ರಾಫ್ಟ್ ಉಂಟು, ಕೀರ್ತಿಮಂದಿರವೂ ಉಂಟು. ತಮ್ಮ ಮಹಾಪುರುಷರು ಎಷ್ಟನೆಯ ಸರದಿಯಲ್ಲಿ ಬಂದರೆಂಬ ಪಟ್ಟಿಯನ್ನು ಆ ಯಜಮಾನರು ವಂಶಾವಳಿಯಂತೆ ಕಾಪಾಡುವರು. ಇಂತಹ ಆಟಗಳಲ್ಲಿ ಅನೇಕವು ಪ್ರತಿ ಹುಡುಗನೊಳಗೂ ಒಂದು ಗುಪ್ತವಾದ ಅಂಕೆಯನ್ನು ಮೊದಲೇ ಬರೆದಿಟ್ಟಿರುತ್ತವೆ: ಇವನು ಇಷ್ಟು ಎತ್ತರಕ್ಕೆ ಬೆಳೆಯಬಲ್ಲನು, ಅದಕ್ಕಿಂತ ಮೇಲಿಲ್ಲ. ಹಣೆಬರಹವೆಂಬುದು ಆ ಲೋಕದಲ್ಲಿ ಅಕ್ಷರಶಃ ಸತ್ಯ. ನಮ್ಮ ಲೋಕದಲ್ಲಿ ಹೇಗೆ? ಅದಕ್ಕೆ ಉತ್ತರವನ್ನು ನಿಜವಾದ ಖಾತೆಯಲ್ಲಿಯೇ ಹುಡುಕಬೇಕು.

ಡ್ರಾಫ್ಟ್ ಬರುವುದಕ್ಕೆ ಮುಂಚೆ ಹುಡುಗರನ್ನು ಹಿಡಿಯುವ ಕ್ರಮವು ಬೇರೆಯಾಗಿದ್ದಿತು. ಒಂದೊಂದು ತಂಡವೂ ಊರೂರಿನ ಬಾಲಕರ ಸಂಘಗಳಿಗೆ ಪೋಷಕನಾಗಿ ನಿಂತು, ಅಲ್ಲಿ ಆಡುವವರೆಲ್ಲ ತನ್ನವರೆಂದು ಮುದ್ರೆ ಒತ್ತುತ್ತಿದ್ದಿತು. ಬಾಬಿ ಓರ್ ಎಂಬ ಅದ್ವಿತೀಯ ಆಟಗಾರನು ೧೯೬೨ರಲ್ಲಿ ಬಾಸ್ಟನ್ ತಂಡದ ಒಪ್ಪಂದಕ್ಕೆ ಬಿದ್ದಾಗ ಅವನಿಗೆ ಕೇವಲ ೧೪ ವರ್ಷ. ಹಣವುಳ್ಳ ತಂಡಗಳ ಬಲೆಯು ದೊಡ್ಡದು, ಬಡ ತಂಡಗಳದು ಚಿಕ್ಕದು. ಈ ಅನ್ಯಾಯವನ್ನು ಕ್ರಮೇಣ ತಪ್ಪಿಸುವುದಕ್ಕಾಗಿ ೧೯೬೩ರ ಜೂನ್ ೫ರಂದು ಮಾಂಟ್ರಿಯಲ್ಲಿನ ಹೋಟೆಲೊಂದರಲ್ಲಿ ಮೊದಲ ಡ್ರಾಫ್ಟ್ ಸೇರಿತು. ಆಗ ಇದ್ದುದು ಆರೇ ತಂಡಗಳು. ಆರಿಸಿದುದು ೨೧ ಹುಡುಗರನ್ನು. ಅದೂ ಯಾವ ಪೋಷಕರ ಬಲೆಗೂ ಬೀಳದೆ ಉಳಿದಿದ್ದವರನ್ನು. ಆ ೨೧ ಜನರಲ್ಲಿ ಒಬ್ಬನೂ ಕೀರ್ತಿಮಂದಿರವನ್ನು ಸೇರಲಿಲ್ಲ.

ಮರುವರ್ಷ, ೧೯೬೪ರಲ್ಲಿ, ೨೪ ಜನರನ್ನು ಆರಿಸಿದರು. ಹದಿನಾಲ್ಕನೆಯವನಾಗಿ ಬಾಸ್ಟನ್ ತಂಡವು ಹದಿನಾರು ವರ್ಷದ ಗೋಲ್‌ಕೀಪರ್ ಒಬ್ಬನನ್ನು ಹೆಸರಿಸಿತು. ಅವನ ಹೆಸರು ಕೆನ್ ಡ್ರೈಡನ್. ಕೆಲವೇ ದಿನಗಳಲ್ಲಿ ಬಾಸ್ಟನ್ನಿನವರು ಅವನ ಹಕ್ಕನ್ನು ಮಾಂಟ್ರಿಯಲ್ಲಿಗೆ ಬಿಟ್ಟುಕೊಟ್ಟು, ಪ್ರತಿಯಾಗಿ ಬೇರೆ ಇಬ್ಬರು ಹುಡುಗರನ್ನು ಪಡೆದರು. ಆ ಇಬ್ಬರೂ ಈ ಲೀಗಿನಲ್ಲಿ ಒಂದು ಪಂದ್ಯವನ್ನಾದರೂ ಆಡಲಿಲ್ಲ. ಡ್ರೈಡನ್ ಆಟಕ್ಕೆ ಓಡಿಬರಲಿಲ್ಲ. ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಹೋಗಿ ಪದವೀಧರನಾದನು, ಬಳಿಕ ನ್ಯಾಯಶಾಸ್ತ್ರದ ವ್ಯಾಸಂಗಕ್ಕೆ ಸೇರಿದನು. ೧೯೭೧ರ ಮಾರ್ಚಿಯಲ್ಲಿ ಮಾಂಟ್ರಿಯಲ್ ತಂಡವು ಅವನನ್ನು ಆರು ಪಂದ್ಯಗಳಲ್ಲಿ ನಿಲ್ಲಿಸಿ ನೋಡಿತು, ಆರೂ ಗೆಲವು. ಆಮೇಲೆ ಸ್ಟ್ಯಾನ್ಲಿ ಕಪ್ಪಿನ ಪಂದ್ಯಗಳು ಬಂದವು. ಎದುರು ನಿಂತುದು, ವಿಧಿಯ ವಿನೋದವೋ ಎಂಬಂತೆ, ಬಾಸ್ಟನ್. ಹಿಂದಿನ ವರ್ಷದ ಚಾಂಪಿಯನ್ ತಂಡ, ಬಾಬಿ ಓರ್ ಆಡುತ್ತಿದ್ದ ತಂಡ. ಏಳು ಪಂದ್ಯಗಳ ಹೋರಾಟದಲ್ಲಿ ಬಾಸ್ಟನ್ ಸೋತಿತು. ತಾನೇ ಆರಿಸಿ ತಾನೇ ಬಿಟ್ಟುಕೊಟ್ಟ ಹುಡುಗನು ಗೋಲಿನ ಬಾಗಿಲಲ್ಲಿ ಗೋಡೆಯಾಗಿ ನಿಂತಿದ್ದನು. ಡ್ರೈಡನ್ ಎಂಟು ಋತುಗಳಲ್ಲಿ ಆರು ಕಪ್ಪುಗಳನ್ನು ಗೆದ್ದು, ನಡುವೆ ಒಂದು ವರ್ಷ ಆಟವನ್ನೇ ಬಿಟ್ಟು ವಕೀಲರ ಕಚೇರಿಯಲ್ಲಿ ಕೆಲಸ ಕಲಿತು, ೧೯೭೯ರಲ್ಲಿ ನಿವೃತ್ತನಾದನು. ೧೯೮೩ರಲ್ಲಿ ಕೀರ್ತಿಮಂದಿರವನ್ನು ಸೇರಿದನು. ಗ್ರಂಥಕರ್ತನೂ ಕೆನಡಾ ಸರ್ಕಾರದ ಮಂತ್ರಿಯೂ ಆಗಿ ಬಾಳಿ ೨೦೨೫ರ ಸೆಪ್ಟೆಂಬರಿನಲ್ಲಿ ತೀರಿಕೊಂಡನು.

ಪೋಷಕ ಪದ್ಧತಿಯು ಅಳಿದು ಅರ್ಹರಾದ ಹುಡುಗರೆಲ್ಲರೂ ಡ್ರಾಫ್ಟಿಗೆ ಒಳಪಟ್ಟುದು ೧೯೬೯ರಲ್ಲಿ. ಆ ವರ್ಷದ ಹುಡುಗರಲ್ಲಿ ಮ್ಯಾನಿಟೋಬಾ ಪ್ರಾಂತದ ಫ್ಲಿನ್ ಫ್ಲಾನ್ ಎಂಬ ಗಣಿಯೂರಿನ ಬಾಬಿ ಕ್ಲಾರ್ಕ್ ಒಬ್ಬನು. ಅವನ ಆಟದಲ್ಲಿ ಕುಂದಿರಲಿಲ್ಲ, ಕುಂದಿದ್ದುದು ರಕ್ತದಲ್ಲಿ. ಬಾಲ್ಯದಿಂದಲೂ ಅವನಿಗೆ ಮಧುಮೇಹವಿದ್ದಿತು. ದಿನಂಪ್ರತಿ ಇನ್ಸುಲಿನ್ ಚುಚ್ಚಿಕೊಳ್ಳಬೇಕಾಗಿದ್ದಿತು. ಇಂತಹವನು ಈ ಕ್ರೂರವಾದ ಆಟವನ್ನು ವರ್ಷಕ್ಕೆ ಎಪ್ಪತ್ತಕ್ಕೂ ಮಿಗಿಲಾಗಿ ಆಡಿ ಬಾಳಬಲ್ಲನೇ ಎಂದು ತಂಡಗಳು ಹಿಂಜರಿದವು. ಅವನ ಹಿತೈಷಿಗಳು ಪ್ರಸಿದ್ಧವಾದ ಮೇಯೋ ವೈದ್ಯಶಾಲೆಗೆ ಅವನನ್ನು ಕರೆದೊಯ್ದು, ದೇಹವನ್ನು ಎಚ್ಚರಿಕೆಯಿಂದ ನೋಡಿಕೊಂಡರೆ ಆಡಬಹುದೆಂಬ ಅಭಿಪ್ರಾಯವನ್ನು ಪಡೆದಿದ್ದರೂ ಸಂಶಯವು ತೊಲಗಲಿಲ್ಲ. ಫಿಲಡೆಲ್ಫಿಯಾ ತಂಡವು ಕೂಡ ಮೊದಲ ಸುತ್ತಿನಲ್ಲಿ ಅವನನ್ನು ದಾಟಿಹೋಗಿ, ಎರಡನೆಯ ಸುತ್ತಿನಲ್ಲಿ, ಹದಿನೇಳನೆಯವನಾಗಿ ಆರಿಸಿತು. ಐದು ವರ್ಷಗಳಲ್ಲಿ ಆತನ ನಾಯಕತ್ವದಲ್ಲಿ ಆ ತಂಡವು ೧೯೭೪ರ ಕಪ್ಪನ್ನೂ, ಮರುವರ್ಷ ೧೯೭೫ರ ಕಪ್ಪನ್ನೂ ಗೆದ್ದಿತು. ಲೀಗಿನ ಶ್ರೇಷ್ಠ ಆಟಗಾರನಿಗೆ ಸಲ್ಲುವ ಹಾರ್ಟ್ ಪಾರಿತೋಷಕವು ಮೂರು ಬಾರಿ ಆತನ ಕೈಸೇರಿತು. ಇನ್ಸುಲಿನ್ನಿನ ಶೋಧನೆಯಾದುದು ೧೯೨೧ರಲ್ಲಿ, ಟೊರಾಂಟೊ ನಗರದಲ್ಲಿ. ಆ ಔಷಧದಿಂದ ಉಳಿದ ಜೀವವೊಂದರ ಹೆಸರು ಅದೇ ನಗರದ ಕೀರ್ತಿಮಂದಿರದಲ್ಲಿ ೧೯೮೭ರಿಂದ ನೆಲೆಸಿರುವುದನ್ನು ನೆನೆದರೆ ಮನಸ್ಸಿಗೆ ಹಿತವಾಗುವುದು.

ಮೊಳಕೆಯಲ್ಲಿಯೇ ಸಿರಿಯು ಕಂಡವರಿಲ್ಲವೇ? ಉಂಟು. ೧೯೭೧ರಲ್ಲಿ ಗೀ ಲಫ್ಲೂರ್ ಎಂಬ ಕ್ವಿಬೆಕ್ ಪ್ರಾಂತದ ಹುಡುಗನು ಮೊದಲಿಗನಾಗುವನೆಂದು ಬಹಳ ಜನರು ಬಲ್ಲವರಾಗಿದ್ದರು. ಮಾಂಟ್ರಿಯಲ್ಲಿನ ವ್ಯವಸ್ಥಾಪಕನಾದ ಸ್ಯಾಮ್ ಪೊಲಾಕ್ ಒಂದು ವರ್ಷ ಮುಂಚಿತವಾಗಿಯೇ ದುರ್ಬಲವಾದ ಕ್ಯಾಲಿಫೋರ್ನಿಯಾ ತಂಡದಿಂದ ಅದರ ಮುಂದಿನ ಸರದಿಯನ್ನು ಕೊಂಡಿಟ್ಟನು. ಆದರೆ ಮಾರನೆಯ ಋತುವಿನಲ್ಲಿ ಲಾಸ್ ಏಂಜಲಿಸ್ ತಂಡವು ಅದಕ್ಕಿಂತಲೂ ಕೆಳಗೆ ಜಾರುವ ಸೂಚನೆ ಕಂಡಾಗ, ತನ್ನಲ್ಲಿದ್ದ ಒಬ್ಬ ಅನುಭವಿಯನ್ನು ಲಾಸ್ ಏಂಜಲಿಸಿಗೆ ಕಳುಹಿಸಿ ಅದನ್ನು ಮೇಲೆತ್ತಿದನೆಂದು ಪ್ರತೀತಿ. ಕಡೆಗೆ ಕ್ಯಾಲಿಫೋರ್ನಿಯಾವೇ ಕೊನೆಯದಾಯಿತು. ಬಡವನಿಗೆಂದು ಇಟ್ಟ ಮೊದಲ ತುತ್ತು ಧನಿಕನ ಎಲೆಗೆ ಬಿದ್ದಿತು. ಲಫ್ಲೂರ್ ಐದು ಕಪ್ಪುಗಳನ್ನು ಗೆದ್ದನು. ಅದೇ ಡ್ರಾಫ್ಟಿನಲ್ಲಿ ಎರಡನೆಯವನಾದ ಮಾರ್ಸೆಲ್ ಡಿಯಾನ್ ೭೩೧ ಗೋಲುಗಳನ್ನು ಹೊಡೆದು ಕೀರ್ತಿಮಂದಿರವನ್ನು ಸೇರಿದರೂ ಒಂದು ಕಪ್ಪನ್ನೂ ಕಾಣಲಿಲ್ಲ. ಗುಣವು ಹುಡುಗನದು; ಯೋಗವು ಅವನು ಸೇರಿದ ಮನೆಯದು.

ಈ ಇತಿಹಾಸದಲ್ಲಿ ಒಂದು ನಗೆಯ ಪ್ರಸಂಗವೂ ಇರುವುದು. ೧೯೭೪ರಲ್ಲಿ ಪ್ರತಿಸ್ಪರ್ಧಿ ಲೀಗೊಂದು ಹುಡುಗರನ್ನು ಸೆಳೆಯುತ್ತಿದ್ದುದರಿಂದ ಡ್ರಾಫ್ಟನ್ನು ಗುಟ್ಟಾಗಿ ಟೆಲಿಫೋನಿನ ಮೂಲಕ ನಡೆಸಿದರು. ಕೆಲಸವು ಆಮೆಯಂತೆ ಸಾಗಿತು. ಬಫಲೊ ತಂಡದ ವ್ಯವಸ್ಥಾಪಕನಾದ ಪಂಚ್ ಇಮ್ಲಾಕ್ ಬೇಸತ್ತು, ಹನ್ನೊಂದನೆಯ ಸುತ್ತಿನಲ್ಲಿ, ೧೮೩ನೆಯವನಾಗಿ, 'ಟೋಕಿಯೊ ಕಟಾನಾಸ್ ತಂಡದ ಟಾರೊ ಟ್ಸುಜಿಮೊಟೊ' ಎಂಬವನನ್ನು ಆರಿಸಿರುವೆನೆಂದು ಗಂಭೀರವಾಗಿ ತಿಳಿಸಿದನು. ಅಧಿಕಾರಿಗಳು ಅಷ್ಟೇ ಗಂಭೀರವಾಗಿ ಬರೆದುಕೊಂಡರು. ಅಂತಹ ಮನುಷ್ಯನೂ ಇರಲಿಲ್ಲ, ಅಂತಹ ತಂಡವೂ ಇರಲಿಲ್ಲ. ಸಂಗತಿ ಬಯಲಾದ ಮೇಲೆ ಲೀಗಿನ ದಾಖಲೆಯಲ್ಲಿ ಆ ಆಯ್ಕೆಯು ಅಸಿಂಧುವೆಂದು ಗುರುತಾಯಿತು. ಇಂದು ಕಾಲ್ಪನಿಕ ಲೀಗುಗಳಲ್ಲಿ ಸಾವಿರಾರು ಇಲ್ಲದ ಹುಡುಗರು ಆಯ್ಕೆಯಾಗುತ್ತಿರುವರಷ್ಟೆ. ಅವರೆಲ್ಲರ ಮೂಲಪುರುಷನು ಈ ಟ್ಸುಜಿಮೊಟೊ ಎಂದರೆ ತಪ್ಪಾಗಲಾರದು. ಇಲ್ಲದವನನ್ನು ಆರಿಸಿದ ಅದೇ ಡ್ರಾಫ್ಟಿನಲ್ಲಿ ಬ್ರಯನ್ ಟ್ರಾಟಿಯೆ ಎಂಬ ಇದ್ದವನು ೨೨ನೆಯ ಸ್ಥಾನದವರೆಗೂ ಕಾದು ಕುಳಿತಿದ್ದನು. ಅವನು ಮುಂದೆ ಆರು ಕಪ್ಪುಗಳಲ್ಲಿ ಪಾಲುಗೊಂಡು ೧೯೯೭ರಲ್ಲಿ ಕೀರ್ತಿಮಂದಿರವನ್ನು ಸೇರಿದನು.

ಆ ಪ್ರತಿಸ್ಪರ್ಧಿ ಲೀಗ್ ೧೯೭೯ರಲ್ಲಿ ಮುಚ್ಚಿ, ಅದರ ನಾಲ್ಕು ತಂಡಗಳು ಹಿರಿಯ ಲೀಗಿಗೆ ಸೇರಿದವು. ಎಡ್ಮಂಟನ್ ತಂಡದೊಡನೆ ವೇಯ್ನ್ ಗ್ರೆಟ್ಸ್ಕಿ ಎಂಬ ತರುಣನೂ ಬಂದನು. ಹಾಕಿಯ ಚರಿತ್ರೆಯಲ್ಲಿ ಅತ್ಯಧಿಕವಾಗಿ ೨,೮೫೭ ಅಂಕಗಳನ್ನು ಗಳಿಸಿದ ಈ ಮಹಾನುಭಾವನ ಹೆಸರು ಆ ಲೀಗಿನ ಯಾವ ಡ್ರಾಫ್ಟಿನ ಪಟ್ಟಿಯಲ್ಲಿಯೂ ಇಲ್ಲವೆಂಬುದು ವಿಚಿತ್ರ. ಎಡ್ಮಂಟನ್ನಿನವರು ಅದೇ ವರ್ಷ ೪೮ನೆಯವನಾಗಿ ಮಾರ್ಕ್ ಮೆಸಿಯೆ ಎಂಬವನನ್ನು ಆರಿಸಿದರು. ಹಿಂದಿನ ಋತುವಿನಲ್ಲಿ ಅವನು ೫೨ ಪಂದ್ಯಗಳಲ್ಲಿ ಹೊಡೆದುದು ಒಂದೇ ಒಂದು ಗೋಲು. ಅಂಕೆಯನ್ನು ಮಾತ್ರ ನೋಡುವವನು ಅವನನ್ನು ಮನೆಗೆ ಕಳುಹಿಸುತ್ತಿದ್ದನು. ಮೆಸಿಯೆ ಆರು ಕಪ್ಪುಗಳನ್ನು ಗೆದ್ದನು; ಎರಡು ಬೇರೆ ಬೇರೆ ತಂಡಗಳ ನಾಯಕನಾಗಿ ಕಪ್ಪನ್ನು ಎತ್ತಿದನು. ಅದೇ ಎಡ್ಮಂಟನ್ ತಂಡವು ೧೯೭೯ರಲ್ಲಿ ೬೯ನೆಯವನಾಗಿ ಗ್ಲೆನ್ ಆಂಡರ್ಸನನನ್ನೂ, ೧೯೮೦ರಲ್ಲಿ ಪುನಃ ೬೯ನೆಯವನಾಗಿ ಫಿನ್ಲೆಂಡಿನ ಯಾರಿ ಕುರಿಯನ್ನೂ ಆರಿಸಿತು. ಇಬ್ಬರೂ ಕೀರ್ತಿಮಂದಿರದವರೇ.

ಡ್ರಾಫ್ಟಿನ ಸೋಜಿಗಗಳಿಗೆಲ್ಲ ಕಳಶವಿಟ್ಟಂತಿರುವುದು ೧೯೮೪. ಮೊದಲಿಗನು ಮಾರಿಯೊ ಲೆಮ್ಯೂ; ಅದರಲ್ಲಿ ಯಾರಿಗೂ ಸಂಶಯವಿರಲಿಲ್ಲ, ಆ ನಂಬಿಕೆಯು ಹುಸಿಯಾಗಲೂ ಇಲ್ಲ. ಆದರೆ ಗೋಲ್‌ಕೀಪರುಗಳಲ್ಲಿ ಅಗ್ರಗಣ್ಯನೆನಿಸಿದ ಪ್ಯಾಟ್ರಿಕ್ ರ್‍ವಾ ೫೧ನೆಯವನು. ಮುಂದೆ ೭೪೧ ಗೋಲುಗಳನ್ನು ಹೊಡೆದ ಬ್ರೆಟ್ ಹಲ್ ೧೧೭ನೆಯವನು. ಲ್ಯೂಕ್ ರೋಬಿಟೈಯ್ ೧೭೧ನೆಯವನು. ಅವನ ಓಟವು ನಿಧಾನವೆಂಬುದೇ ಎಲ್ಲರ ದೂರು. ಅವನನ್ನು ಆರಿಸಿದ ಲಾಸ್ ಏಂಜಲಿಸಿನವರು ಅವನಿಗಿಂತ ಎಷ್ಟೋ ಮುಂಚೆ, ೬೯ನೆಯವನಾಗಿ, ಟಾಮ್ ಗ್ಲಾವಿನ್ ಎಂಬ ಹುಡುಗನನ್ನು ಕರೆದಿದ್ದರು. ಗ್ಲಾವಿನ್ ಹಾಕಿಗೆ ಬರಲೇ ಇಲ್ಲ. ಬೇಸ್‌ಬಾಲ್ ಆಟಕ್ಕೆ ಹೋಗಿ ೩೦೫ ಪಂದ್ಯಗಳನ್ನು ಗೆದ್ದು ಆ ಆಟದ ಕೀರ್ತಿಮಂದಿರವನ್ನು ೨೦೧೪ರಲ್ಲಿ ಸೇರಿದನು. ಕಣ್ಣು ತಪ್ಪಿರಲಿಲ್ಲ, ಮಂದಿರ ಮಾತ್ರ ತಪ್ಪಿತ್ತು! ನಿಧಾನಗತಿಯ ರೋಬಿಟೈಯ್ ೬೬೮ ಗೋಲುಗಳನ್ನು ಹೊಡೆದು ೨೦೦೯ರಲ್ಲಿ ಬ್ರೆಟ್ ಹಲ್ಲನೊಡನೆ ಒಂದೇ ದಿನ ಕೀರ್ತಿಮಂದಿರಕ್ಕೆ ಪ್ರವೇಶಿಸಿದನು. ಕಾಲ್ಪನಿಕ ಲೀಗಿನವರು ಈ ವರ್ಷದ ಡ್ರಾಫ್ಟನ್ನು ಮತ್ತೆ ನಡೆಸುವಾಗ ಈ ನಾಲ್ವರನ್ನೂ ತಟಕ್ಕನೆ ಆರಿಸಿಬಿಡುವರು. ಸುಗ್ಗಿಯನ್ನು ನೋಡಿಬಂದವನಿಗೆ ಬಿತ್ತನೆಯಲ್ಲಿ ಜಾಣತನವೇನು?

ನುರಿತ ಪರೀಕ್ಷಕರು ಹೀಗೇಕೆ ಎಡವಿದರು? ಕಾರಣಗಳು ಹಲವು. ಮೊದಲನೆಯದಾಗಿ ವಯಸ್ಸು. ಸಾಮಾನ್ಯವಾಗಿ ಹದಿನೆಂಟು ವರ್ಷದವರನ್ನು ಆರಿಸುವರು. ಆ ಪ್ರಾಯದಲ್ಲಿ ಒಬ್ಬನ ಮೈ ಪೂರ್ತಿಯಾಗಿ ಬೆಳೆದಿದ್ದರೆ ಮತ್ತೊಬ್ಬನದು ಇನ್ನೂ ಅರ್ಧದಾರಿಯಲ್ಲಿರುವುದು. ಬೇಗ ಬೆಳೆದವನನ್ನು ಬಲಶಾಲಿಯೆಂದು ಭ್ರಮಿಸುವುದು ಸುಲಭ. ಎರಡನೆಯದಾಗಿ, ಪರೀಕ್ಷಕರು ಕಾಲಿನ ವೇಗವನ್ನೂ ಮೈಯ ಎತ್ತರವನ್ನೂ ಅಳೆಯಬಲ್ಲರು. ಛಲವನ್ನೂ ಕಲಿಯುವ ಬಾಯಾರಿಕೆಯನ್ನೂ ಅಳೆಯುವ ಕೋಲು ಅವರಲ್ಲಿಲ್ಲ. ಮೂರನೆಯದು ರಾಜಕೀಯ. ಚೆಕೊಸ್ಲೊವಾಕಿಯಾ, ರಷ್ಯಾ ಮೊದಲಾದ ದೇಶಗಳ ಹುಡುಗರು ಗುಣದಲ್ಲಿ ಹಿಂದಿರಲಿಲ್ಲ. ಅವರ ಸರ್ಕಾರಗಳು ಹೊರಗೆ ಬಿಡುತ್ತಿರಲಿಲ್ಲ. ಆದುದರಿಂದಲೇ ೧೯೮೩ರಲ್ಲಿ ಡೊಮಿನಿಕ್ ಹಾಷೆಕ್ ಎಂಬ ಗೋಲ್‌ಕೀಪರ್ ಸುಮಾರು ಇನ್ನೂರನೆಯ ಸ್ಥಾನಕ್ಕೆ ಇಳಿದನು. ಅವನೇ ಮುಂದೆ ೧೯೯೭, ೧೯೯೮ರಲ್ಲಿ ಎರಡು ಸಲ ಹಾರ್ಟ್ ಪಾರಿತೋಷಕವನ್ನು ಪಡೆದನು, ೧೯೯೮ರ ನಾಗಾನೊ ಒಲಿಂಪಿಕ್ಸಿನಲ್ಲಿ ತನ್ನ ದೇಶಕ್ಕೆ ಚಿನ್ನವನ್ನು ತಂದನು. ೧೯೮೮ರಲ್ಲಿ ೮೯ನೆಯವನಾಗಿ ಆಯ್ಕೆಯಾದ ಅಲೆಕ್ಸಾಂಡರ್ ಮೊಗಿಲ್ನಿ ಮರುವರ್ಷ ಸ್ಟಾಕ್‌ಹೋಮಿನಲ್ಲಿ ಸೋವಿಯತ್ ತಂಡದಿಂದ ತಪ್ಪಿಸಿಕೊಂಡು ಅಮೇರಿಕಕ್ಕೆ ಹೋದನು. ೨೦೨೫ರಲ್ಲಿ ಕೀರ್ತಿಮಂದಿರವು ಅವನನ್ನು ಬರಮಾಡಿಕೊಂಡಿತು.

ಮೊದಲಿಗರೆಲ್ಲ ಮೊದಲಿಗರಾಗಿಯೇ ಉಳಿಯುವರೆಂದೂ ಹೇಳುವಂತಿಲ್ಲ. ೧೯೯೩ರಲ್ಲಿ ಅಲೆಕ್ಸಾಂಡ್ರ್ ಡೇಗ್ ಎಂಬವನನ್ನು ಒಟ್ಟಾವಾ ತಂಡವು ಮೊದಲಿಗನನ್ನಾಗಿ ಆರಿಸಿ, ಐದು ವರ್ಷಗಳಿಗೆ ಒಂದು ಕೋಟಿ ಡಾಲರಿಗೂ ಮಿಗಿಲಾದ ಒಪ್ಪಂದವನ್ನು ಕೊಟ್ಟಿತು. ಆ ಹುಡುಗನಿಗಾಗಿ ತಂಡವು ಬೇಕೆಂದೇ ಸೋತಿತೆಂಬ ಗುಸುಗುಸು ಎದ್ದು, ೧೯೯೫ರಿಂದ ಮೊದಲ ಸರದಿಗೆ ಚೀಟಿ ಎತ್ತುವ ಕ್ರಮವನ್ನು ಲೀಗ್ ತಂದಿತು. ಡೇಗನಾದರೋ ಸಾಧಾರಣ ಆಟಗಾರನಾಗಿ ಮರೆಯಾದನು. ಎರಡನೆಯವನಾದ ಕ್ರಿಸ್ ಪ್ರಾಂಗರ್ ಕೀರ್ತಿಮಂದಿರವನ್ನು ಸೇರಿದನು. ಮೊದಲಿಗನಾಗುವುದು ಹುಡುಗನೊಬ್ಬನ ಬೆನ್ನಿಗೆ ಎಂತಹ ಭಾರವೆಂಬುದನ್ನು ಇದರಿಂದ ಊಹಿಸಬಹುದು. ಇದಕ್ಕೆ ವಿರುದ್ಧವಾಗಿ ಮಾರ್ಟಿನ್ ಸೇಂಟ್ ಲೂಯಿ ಎಂಬ ಗಿಡ್ಡ ಮೈಕಟ್ಟಿನ ಹುಡುಗನನ್ನು ಯಾವ ತಂಡವೂ ಯಾವ ಸುತ್ತಿನಲ್ಲಿಯೂ ಆರಿಸಲಿಲ್ಲ. ಕರೆದುಕೊಂಡ ಒಂದು ತಂಡವೂ ೨೦೦೦ದಲ್ಲಿ ಬಿಟ್ಟುಬಿಟ್ಟಿತು. ೨೦೦೪ರಲ್ಲಿ ಆತನು ಲೀಗಿನಲ್ಲಿ ಅತ್ಯಧಿಕ ಅಂಕಗಳನ್ನೂ, ಹಾರ್ಟ್ ಪಾರಿತೋಷಕವನ್ನೂ, ಸ್ಟ್ಯಾನ್ಲಿ ಕಪ್ಪನ್ನೂ ಒಂದೇ ಋತುವಿನಲ್ಲಿ ಗಳಿಸಿದನು. ೨೦೧೮ರಲ್ಲಿ ಕೀರ್ತಿಮಂದಿರವೂ ಬಾಗಿಲು ತೆರೆಯಿತು. ಹೆಣ್ಣುಮಕ್ಕಳ ಮಾತಂತೂ ಬೇರೆಯೇ. ಏಂಜೆಲಾ ಜೇಮ್ಸ್, ಕ್ಯಾಮಿ ಗ್ರಾನಾಟೊ ಎಂಬಿಬ್ಬರು ೨೦೧೦ರಲ್ಲಿ ಕೀರ್ತಿಮಂದಿರವನ್ನು ಸೇರಿದ ಮೊದಲ ಆಟಗಾರ್ತಿಯರು. ಅವರ ಪ್ರಾಯದಲ್ಲಿ ಅವರನ್ನು ಆರಿಸಿಕೊಳ್ಳುವುದಕ್ಕೆ ಇಂತಹ ವೃತ್ತಿ ಲೀಗೇ ಇರಲಿಲ್ಲ.

ಇಷ್ಟನ್ನು ಓದಿ ಗಾದೆಯೇ ಸುಳ್ಳೆಂದು ತೀರ್ಮಾನಿಸುವುದು ನ್ಯಾಯವಲ್ಲ. ಲಫ್ಲೂರ್, ಲೆಮ್ಯೂ, ಮ್ಯಾಟ್ಸ್ ಸುಂಡಿನ್, ಜೋ ಥಾರ್ನ್‌ಟನ್ ಮೊದಲಾದವರು ಮೊದಲಿಗರಾಗಿಯೇ ಬಂದು ಕೀರ್ತಿಮಂದಿರವನ್ನು ಸೇರಿದವರು. ಮೊದಲ ಸುತ್ತಿನವರಿಗೆ ಕೊನೆಯ ಸುತ್ತಿನವರಿಗಿಂತ ಅವಕಾಶವು ಹೆಚ್ಚೆಂಬುದು ಖಾತೆಯಿಂದಲೇ ತೋರುವುದು. ಆದುದರಿಂದ ಗಾದೆಯು ಹೇಳುವುದರಲ್ಲಿ ತಪ್ಪಿಲ್ಲ. ಅದನ್ನು ತಿರುಗಿಸಿ ಓದುವುದರಲ್ಲಿ ತಪ್ಪಿದೆ. ಮೊಳಕೆಯಲ್ಲಿ ಸಿರಿ ಕಂಡರೆ ಅದನ್ನು ನಂಬಬಹುದು. ಕಾಣದಿದ್ದರೆ ಸಿರಿಯೇ ಇಲ್ಲವೆಂದು ಕಳೆಗಳೊಡನೆ ಕಿತ್ತೆಸೆಯಬಾರದು.

ಕೀರ್ತಿಮಂದಿರದವರು ಈ ವಿಷಯದಲ್ಲಿ ನಮಗಿಂತ ತಾಳ್ಮೆಯುಳ್ಳವರು. ಆಟಗಾರನು ನಿವೃತ್ತನಾಗಿ ಮೂರು ವರ್ಷ ಕಳೆಯುವವರೆಗೆ ಅವನ ಹೆಸರನ್ನು ಎತ್ತುವುದಿಲ್ಲ. ಆಮೇಲೆ ೧೮ ಜನರ ಸಮಿತಿಯು ಸೇರಿ, ೧೪ ಮತಗಳು ಬಿದ್ದರೆ ಮಾತ್ರ ಅಂಗೀಕರಿಸುವುದು. ಅವನು ಎಷ್ಟನೆಯ ಸರದಿಯಲ್ಲಿ ಬಂದನೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಮೊದಲನೆಯ ಲೆಮ್ಯೂವಿನ ಹೆಸರೂ ನೂರೆಪ್ಪತ್ತೊಂದನೆಯ ರೋಬಿಟೈಯ್‌ನ ಹೆಸರೂ ಅಲ್ಲಿ ಒಂದೇ ಮರ್ಯಾದೆಗೆ ಪಾತ್ರವಾಗಿರುವುವು.

ಪರೀಕ್ಷೆಯ ಫಲಿತಾಂಶಗಳು ಹೊರಬೀಳುವ ಕಾಲದಲ್ಲಿ ನಮ್ಮ ಮನೆಮನೆಗಳಲ್ಲಿಯೂ ಒಂದು ಡ್ರಾಫ್ಟ್ ನಡೆಯುವುದು. ನೆರೆಮನೆಯ ಹುಡುಗನು ಎಷ್ಟನೆಯವನು, ನಮ್ಮವನು ಎಷ್ಟನೆಯವನು ಎಂಬ ಮಾತಿನಲ್ಲಿ ಊಟದ ಎಲೆ ಒಣಗುವುದು. ಗಣಕಯಂತ್ರದ ಹುಡುಗನೊಳಗಾದರೆ ಅಂಕೆಯೊಂದು ಮೊದಲೇ ಬರೆದಿರುವುದು. ಅವನು ಅದನ್ನು ಮೀರಲಾರನು. ನಮ್ಮ ಮಕ್ಕಳೊಳಗೆ ಅಂತಹ ಅಂಕೆಯನ್ನು ಬರೆದವರು ಯಾರೂ ಇಲ್ಲ. ಬರೆದರೆ ನಾವೇ, ನಮ್ಮ ಮಾತಿನಿಂದ ಬರೆಯುವೆವು. ಐವತ್ತೆರಡು ಪಂದ್ಯಗಳಲ್ಲಿ ಒಂದೇ ಗೋಲು ಹೊಡೆದ ಹುಡುಗನಿಗೆ ಮತ್ತೊಂದು ಋತುವನ್ನು ಕೊಟ್ಟವರಿದ್ದರು. ಆದುದರಿಂದ ಮೆಸಿಯೆ ಎಂಬ ಹೆಸರು ಇಂದು ಟೊರಾಂಟೊದ ಮಂದಿರದಲ್ಲಿರುವುದು. ಈ ಸಲ ಹಿಂದೆ ಬಿದ್ದ ಮಗುವಿಗೂ ಮನೆಯವರು ಕೊಡಬಹುದಾದ ದೊಡ್ಡ ಕಾಣಿಕೆಯು ಅದೇ: ಮತ್ತೊಂದು ಋತು.